ಪೀಲ್ ಜೌಗುನೆಲಕ್ಕೆ ಬೀಳುವ ಸಾರಜನಕ ಯಾರದು? ನೆದರ್‌ಲ್ಯಾಂಡ್ಸ್‌ನ ಸಂರಕ್ಷಿತ ಪ್ರದೇಶಗಳ ಬಗ್ಗೆ ಚರ್ಚೆ

ಬ್ರಬಾಂಟ್‌ವಾಸಿ:

ವೇದಿಕೆಯ ಎಲ್ಲರಿಗೂ ನಮಸ್ಕಾರ. ನಾನು ಐಂಡ್‌ಹೋವನ್ ಬಳಿ ಕೆಲವು ವರ್ಷಗಳಿಂದ ಇದ್ದೇನೆ. ನನ್ನ ಉದ್ಯೋಗಕ್ಕೂ ಪರಿಸರ ವಿಜ್ಞಾನಕ್ಕೂ ಸಂಬಂಧವಿಲ್ಲ. ಆದರೆ ಇಲ್ಲಿ ಮನೆ ಹುಡುಕುವವರಿಂದ ಹಿಡಿದು ಹಾಲಿನ ವ್ಯಾಪಾರ ಮಾಡುವವರವರೆಗೆ ಎಲ್ಲರ ಬಾಯಲ್ಲೂ ಸಾರಜನಕದ ಮಾತೇ. 2019ರ ಮೇ 29ರಂದು ಇಲ್ಲಿನ ಅತ್ಯುಚ್ಚ ಆಡಳಿತ ನ್ಯಾಯಾಲಯವಾದ ರಾಡ್ ಫಾನ್ ಸ್ಟಾಟೆ ಒಂದು ತೀರ್ಪು ಕೊಟ್ಟಿತು. ಮುಂದೆ ಎಂದೋ ಮಾಲಿನ್ಯ ತಗ್ಗುತ್ತದೆ ಎಂಬ ನಿರೀಕ್ಷೆಯ ಮೇಲೆ ಇಂದೇ ಪರವಾನಗಿ ಕೊಡುತ್ತಿದ್ದ ಸರ್ಕಾರಿ ಯೋಜನೆ ಕಾನೂನಿಗೆ ವಿರುದ್ಧ ಎಂದು ಅದು ಹೇಳಿದ ಮೇಲೆ ಕೊಟ್ಟಿಗೆ ವಿಸ್ತರಣೆ, ರಸ್ತೆ, ವಸತಿ ಬಡಾವಣೆಗಳ ಸಾವಿರಾರು ಅರ್ಜಿಗಳು ಒಮ್ಮೆಲೇ ನಿಂತುಹೋದವು. ಅದೇ ಅಕ್ಟೋಬರ್ 1ರಂದು ರೈತರು ಟ್ರ್ಯಾಕ್ಟರ್‌ಗಳೊಂದಿಗೆ ಹೇಗ್ ನಗರಕ್ಕೆ ನುಗ್ಗಿದರು. 2020ರ ಮಾರ್ಚ್ 16ರಿಂದ ಹಗಲು ಹೊತ್ತಿನಲ್ಲಿ ಹೆದ್ದಾರಿಯ ವೇಗಮಿತಿ ಗಂಟೆಗೆ 100 ಕಿಲೋಮೀಟರ್‌ಗೆ ಇಳಿಯಿತು.

ನನ್ನ ಪ್ರಶ್ನೆ ರಾಜಕೀಯದ್ದಲ್ಲ. ಬ್ರಬಾಂಟ್ ಮತ್ತು ಲಿಂಬರ್ಗ್ ಪ್ರಾಂತ್ಯಗಳ ಗಡಿಯಲ್ಲಿ ಡ್ಯೂರ್ನ್‌ಸೆ ಪೀಲ್, ಮರಿಯಾಪೀಲ್ ಎಂಬ ಹಳೆಯ ಜೌಗುನೆಲವಿದೆ. ಅದು ಯುರೋಪಿನ ನ್ಯಾಚುರಾ 2000 ಜಾಲಕ್ಕೆ ಸೇರಿದ ಸಂರಕ್ಷಿತ ಪ್ರದೇಶ. ಅಲ್ಲಿ ಬೀಳುವ ಸಾರಜನಕ ಎಲ್ಲಿಂದ ಬರುತ್ತದೆ? ಪಕ್ಕದ ಮನೆಯ ರೈತರು ಕಾರು, ವಿಮಾನ ಮತ್ತು ಜರ್ಮನಿಯ ಕಡೆ ಬೆರಳು ತೋರಿಸುತ್ತಾರೆ. ನನ್ನ ಸಹೋದ್ಯೋಗಿ ಹಂದಿ ಮತ್ತು ಹಸುಗಳ ಕಡೆ ತೋರಿಸುತ್ತಾರೆ. ಇಬ್ಬರ ಬಳಿಯೂ ಅಂಕಿಅಂಶಗಳಿವೆ, ಇಬ್ಬರ ಅಂಕಿಅಂಶಗಳೂ ಒಂದೇ ಸರ್ಕಾರಿ ಸಂಸ್ಥೆಯವು! ಬಲ್ಲವರು ಬಿಡಿಸಿ ಹೇಳಬೇಕಾಗಿ ಕೋರುತ್ತೇನೆ.

ಗಾಳಿಲೆಕ್ಕ:

ಒಳ್ಳೆಯ ಪ್ರಶ್ನೆ. ನಾನು ವಾಯುಗುಣಮಟ್ಟದ ಲೆಕ್ಕಾಚಾರದ ಕೆಲಸದಲ್ಲಿರುವವನು, ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ. ನಿಮ್ಮ ನೆರೆಯವರೂ ಸಹೋದ್ಯೋಗಿಯೂ ಒಂದೇ ಸಂಸ್ಥೆಯ ಬೇರೆ ಬೇರೆ ಕೋಷ್ಟಕಗಳನ್ನು ಓದುತ್ತಿದ್ದಾರೆ; ಜಗಳ ಹುಟ್ಟುವುದು ಅಲ್ಲಿಯೇ.

ಮೊದಲನೆಯದಾಗಿ, ನಾವು ಉಸಿರಾಡುವ ಗಾಳಿಯಲ್ಲಿ ಶೇ. 78ರಷ್ಟಿರುವ ಸಾರಜನಕ ಇಲ್ಲಿ ಆರೋಪಿಯಲ್ಲ. ಅದು ಯಾರ ತಂಟೆಗೂ ಹೋಗದ ಅನಿಲ. ಇಲ್ಲಿ ಮಾತಾಡುತ್ತಿರುವುದು ಎರಡು ಬಗೆಯ ಕ್ರಿಯಾಶೀಲ ಸಾರಜನಕದ ಬಗ್ಗೆ. ಒಂದು ಅಮೋನಿಯ, ಅದರ ಬಹುಪಾಲು ಪಶುಸಂಗೋಪನೆ ಮತ್ತು ಗೊಬ್ಬರದಿಂದ ಏಳುತ್ತದೆ. ಇನ್ನೊಂದು ನೈಟ್ರೋಜನ್ ಆಕ್ಸೈಡ್‌ಗಳು. ಎಂಜಿನ್, ಬಾಯ್ಲರ್, ಹಡಗು, ಉಕ್ಕಿನ ಕಾರ್ಖಾನೆ, ವಿದ್ಯುತ್ ಸ್ಥಾವರ, ಹೀಗೆ ಹೆಚ್ಚು ಶಾಖದಲ್ಲಿ ಏನನ್ನಾದರೂ ಉರಿಸುವಲ್ಲೆಲ್ಲ ಅವು ಹುಟ್ಟುತ್ತವೆ. ನೆದರ್‌ಲ್ಯಾಂಡ್ಸ್‌ನ ಅಮೋನಿಯದಲ್ಲಿ ಶೇ. 85ಕ್ಕೂ ಹೆಚ್ಚು ಪಾಲು ಕೃಷಿಯದು. ನೈಟ್ರೋಜನ್ ಆಕ್ಸೈಡ್‌ಗಳಲ್ಲಿ ಸಾರಿಗೆ ಮತ್ತು ಉದ್ಯಮದ ಪಾಲು ದೊಡ್ಡದು.

ಇವೆರಡನ್ನೂ ಕಿಲೋಗ್ರಾಂ ತೂಕದಲ್ಲಿ ಅಕ್ಕಪಕ್ಕ ಇಟ್ಟು ಹೋಲಿಸುವವರು ಹಲವರಿದ್ದಾರೆ. ಇದು ತಪ್ಪು ದಾರಿ. 100 ಕಿಲೋ ಅಮೋನಿಯದಲ್ಲಿ ಸುಮಾರು 82 ಕಿಲೋ ಸಾರಜನಕವಿರುತ್ತದೆ. 100 ಕಿಲೋ ನೈಟ್ರೋಜನ್ ಡೈಆಕ್ಸೈಡ್‌ನಲ್ಲಿ ಸುಮಾರು 30 ಕಿಲೋ ಮಾತ್ರ, ಉಳಿದದ್ದು ಆಮ್ಲಜನಕದ ತೂಕ. ಸರ್ಕಾರಿ ಲೆಕ್ಕಗಳಲ್ಲಿ ಮೋಲ್ ಎಂಬ ಮಾಪಕವನ್ನು ಬಳಸುವುದು ಈ ಕಾರಣಕ್ಕೇ. ಒಂದು ಮೋಲ್ ಎಂದರೆ 14 ಗ್ರಾಂ ಸಾರಜನಕ, ಅದು ಯಾವ ರೂಪದಲ್ಲಿ ಬಂದಿದ್ದರೂ ಸರಿ.

ಎರಡನೆಯದಾಗಿ, ಹೊರಬಿದ್ದದ್ದರ ಲೆಕ್ಕ ಬೇರೆ, ನೆಲಕ್ಕೆ ಬಿದ್ದದ್ದರ ಲೆಕ್ಕ ಬೇರೆ. ಸಾರ್ವಜನಿಕ ಆರೋಗ್ಯ ಮತ್ತು ಪರಿಸರದ ರಾಷ್ಟ್ರೀಯ ಸಂಸ್ಥೆಯಾದ ಆರ್‌ಐವಿಎಂ 2018ರ ಸ್ಥಿತಿಗೆ ಕೊಟ್ಟ ಲೆಕ್ಕದಲ್ಲಿ, ದೇಶದ ನೆಲಕ್ಕೆ ಬೀಳುವ ಸಾರಜನಕದ ಶೇ. 46ರಷ್ಟು ದೇಶದೊಳಗಿನ ಕೃಷಿಯಿಂದ, ಶೇ. 32ರಷ್ಟು ವಿದೇಶಗಳಿಂದ, ರಸ್ತೆ ಸಂಚಾರ ಮತ್ತು ಮನೆಗಳಿಂದ ತಲಾ ಸುಮಾರು ಶೇ. 6ರಷ್ಟು ಬರುತ್ತದೆ. ಹಡಗು, ಉದ್ಯಮ, ವಿದ್ಯುತ್ ಇತ್ಯಾದಿ ಉಳಿದದ್ದನ್ನು ಹಂಚಿಕೊಳ್ಳುತ್ತವೆ. ಕಟ್ಟಡ ನಿರ್ಮಾಣದ ಪಾಲು ಶೇ. 1ಕ್ಕಿಂತ ಕಡಿಮೆ. ನಿಮ್ಮ ನೆರೆಯವರು ‘ಅರ್ಧಕ್ಕಿಂತ ಹೆಚ್ಚು ನಮ್ಮದಲ್ಲ’ ಎನ್ನುವುದು ಈ ಕೋಷ್ಟಕದ ಬಲದಿಂದ. ಅಂಕಿಯ ಮಟ್ಟಿಗೆ ಅದು ಸುಳ್ಳಲ್ಲ.

ಆದರೆ ‘ವಿದೇಶ’ ಎಂಬ ಸಾಲಿನೊಳಗೆ ಏನಿದೆ ಎಂದು ನೋಡಬೇಕು. ಗಡಿಯಾಚೆಯ ಜರ್ಮನಿಯ ಲೋಯರ್ ಸ್ಯಾಕ್ಸನಿ, ನಾರ್ತ್ ರೈನ್-ವೆಸ್ಟ್‌ಫಾಲಿಯ, ಬೆಲ್ಜಿಯಂನ ಫ್ಲಾಂಡರ್ಸ್‌ಗಳಲ್ಲಿ ಇರುವುದೂ ಹಂದಿ ಮತ್ತು ಹಸುಗಳ ಕೊಟ್ಟಿಗೆಗಳೇ. ಆ ಸಾಲಿನಲ್ಲಿ ಕೃಷಿ, ಕಾರ್ಖಾನೆ, ಸಂಚಾರ ಮೂರೂ ಬೆರೆತಿವೆ. ಆದ್ದರಿಂದ 46 ಎಂಬುದು ಒಟ್ಟಾರೆ ಕೃಷಿಯ ಪಾಲಲ್ಲ, ನೆದರ್‌ಲ್ಯಾಂಡ್ಸ್‌ನ ಕೃಷಿಯ ಪಾಲು ಮಾತ್ರ. ಇನ್ನೊಂದು ಮಾತು: ಈ ದೇಶ ಹೊರಗಿನಿಂದ ಪಡೆಯುವುದಕ್ಕಿಂತ ಹಲವು ಪಟ್ಟು ಹೆಚ್ಚು ಸಾರಜನಕವನ್ನು ಗಾಳಿಯ ಮೂಲಕ ನೆರೆಯವರಿಗೆ ರವಾನಿಸುತ್ತದೆ. ಜರ್ಮನಿಯ ವೇದಿಕೆಗಳಲ್ಲಿ ಇದೇ ಚರ್ಚೆ ನಡೆದರೆ ಅಲ್ಲಿನ ‘ವಿದೇಶ’ದಲ್ಲಿ ನಾವಿರುತ್ತೇವೆ.

ಇನ್ನು ಪೀಲ್. ಮೇಲಿನದೆಲ್ಲ ರಾಷ್ಟ್ರೀಯ ಸರಾಸರಿ. ಪೀಲ್ ಸುತ್ತಲಿನದು ಯುರೋಪಿನಲ್ಲೇ ಅತಿ ದಟ್ಟವಾಗಿ ಹಂದಿ ಸಾಕುವ ಸೀಮೆಗಳಲ್ಲೊಂದು. ಅಲ್ಲಿ ಕೃಷಿಯ ಪಾಲು ಸರಾಸರಿಯನ್ನು ಮೀರುತ್ತದೆ. ಲಿಂಬರ್ಗ್‌ನ ದಕ್ಷಿಣ ತುದಿಗೆ ಹೋದರೆ, ಎರಡೂ ಬದಿ ಗಡಿ ಇರುವುದರಿಂದ, ವಿದೇಶದ ಪಾಲು ಮೇಲೇಳುತ್ತದೆ. ಸಮುದ್ರತೀರದ ಮರಳುದಿಬ್ಬಗಳಲ್ಲಿ ಹಡಗುಗಳ ಪಾಲು ಎದ್ದು ಕಾಣುತ್ತದೆ. ಎಲ್ಲಿ ನಿಂತು ಕೇಳುತ್ತಿದ್ದೀರಿ ಎಂದು ತಿಳಿಯದೆ ‘ಎಲ್ಲಿಂದ ಬರುತ್ತದೆ’ ಎಂಬ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕೊಡಲಾಗದು.

ಹಾಸನದ ಹೈನುಗಾರ:

ಸರ್, ತಮ್ಮ ವಿವರಣೆ ಚೆನ್ನಾಗಿದೆ. ಆದರೆ ನನ್ನಂಥ ಹಸು ಕಟ್ಟಿದವನಿಗೆ ಒಂದು ಸಂಶಯ ಉಳಿಯುತ್ತದೆ. ನಮ್ಮ ಕಡೆ ಸಗಣಿ ಬಿದ್ದ ಭೂಮಿ ಫಲವತ್ತಾಯಿತು ಎನ್ನುತ್ತಾರೆಯೇ ಹೊರತು ಕೆಟ್ಟಿತು ಎಂದು ಯಾರೂ ಅಂದದ್ದಿಲ್ಲ. ಅದೇ ಹಸು, ಅದೇ ಸಗಣಿ, ಆ ದೇಶದಲ್ಲಿ ಕಾಡಿಗೆ ವಿಷವಾಗುವುದು ಹೇಗೆ? ಹೈನುಗಾರರ ಮೇಲೆ ಗೂಬೆ ಕೂರಿಸುವ ಕೆಲಸ ಎಲ್ಲ ದೇಶಗಳಲ್ಲೂ ಸುಲಭ ಎಂಬ ಗುಮಾನಿ ನನಗಿದೆ.

ವಾಹೆನಿಂಗನ್ ವಿದ್ಯಾರ್ಥಿನಿ:

ಹೈನುಗಾರರಿಗೆ ನಮಸ್ಕಾರ. ತಮ್ಮ ಗುಮಾನಿ ನಿರಾಧಾರವಾದದ್ದಲ್ಲ, ಆದರೆ ಪ್ರಶ್ನೆಗೆ ಉತ್ತರವಿದೆ. ನಾನು ಇಲ್ಲಿ ಮಣ್ಣುವಿಜ್ಞಾನ ಓದುತ್ತಿದ್ದೇನೆ.

ಸಗಣಿ ಒಂದನ್ನೇ ಬೇರೆಯಾಗಿ ಇಟ್ಟರೆ ಅದರಿಂದ ಏಳುವ ಅಮೋನಿಯ ಕಡಿಮೆ. ಗಂಜಲದಲ್ಲಿ ಯೂರಿಯಾ ಇರುತ್ತದೆ, ಅದೂ ತಾನಾಗಿ ಹಾರಿಹೋಗುವುದಿಲ್ಲ. ಸಗಣಿಯಲ್ಲಿರುವ ಸೂಕ್ಷ್ಮಜೀವಿಗಳ ಯೂರಿಯೇಸ್ ಎಂಬ ಕಿಣ್ವ ಗಂಜಲಕ್ಕೆ ತಾಗಿದಾಗ ಯೂರಿಯಾ ಒಡೆದು ಅಮೋನಿಯ ಹೊರಡುತ್ತದೆ. ಇದಕ್ಕೆ ಕೆಲವೇ ಗಂಟೆ ಸಾಕು. ಇಲ್ಲಿನ ಬಹುಪಾಲು ಕೊಟ್ಟಿಗೆಗಳ ನೆಲ ಸೀಳುಸೀಳಾದ ಕಾಂಕ್ರೀಟ್. ಸಗಣಿಯೂ ಗಂಜಲವೂ ಆ ಸೀಳುಗಳಿಂದ ಕೆಳಗಿನ ಗುಂಡಿಗೆ ಇಳಿದು, ಅಲ್ಲಿ ತಿಂಗಳುಗಟ್ಟಲೆ ಸ್ಲರಿಯಾಗಿ ನಿಲ್ಲುತ್ತವೆ. ಎರಡೂ ಬೆರೆಯದಂತೆ ಮಾಡಿದರೆ ಅರ್ಧ ಸಮಸ್ಯೆ ಹುಟ್ಟುವುದೇ ಇಲ್ಲ. ಈ ವ್ಯವಸ್ಥೆಯಲ್ಲಿ ಬೆರೆಯುವುದೇ ನಿಯಮ.

ನಮ್ಮ ಮಲೆನಾಡಿನ ಕೊಟ್ಟಿಗೆಗಳಲ್ಲಿ ದಿನವೂ ಸೊಪ್ಪು, ದರಕು ಹಾಸುವ ಪದ್ಧತಿಯನ್ನು ತಾವು ನೋಡಿರುತ್ತೀರಿ. ಇಂಗಾಲ ಹೆಚ್ಚಿರುವ ಆ ಒಣ ಎಲೆ ಗಂಜಲವನ್ನು ಹೀರುತ್ತದೆ, ಸೂಕ್ಷ್ಮಜೀವಿಗಳು ಸಾರಜನಕವನ್ನು ತಮ್ಮ ಮೈಗೆ ಕಟ್ಟಿಕೊಳ್ಳುತ್ತವೆ, ಗಾಳಿಗೆ ಹೋಗುವುದು ತಗ್ಗುತ್ತದೆ. ಇದು ಅಮೋನಿಯವನ್ನು ಪೂರ್ತಿ ತಡೆಯುತ್ತದೆ ಎಂದು ಹೇಳಲಾರೆ, ಆದರೆ ಸ್ಲರಿ ಗುಂಡಿಗೂ ಇದಕ್ಕೂ ರಸಾಯನಶಾಸ್ತ್ರದಲ್ಲಿಯೇ ವ್ಯತ್ಯಾಸವಿದೆ.

ಇದಕ್ಕಿಂತ ದೊಡ್ಡ ಸಂಗತಿ ಸಂಖ್ಯೆ. ನೆದರ್‌ಲ್ಯಾಂಡ್ಸ್‌ನ ವಿಸ್ತೀರ್ಣ ಕರ್ನಾಟಕದ ಕಾಲು ಭಾಗವನ್ನೂ ಮುಟ್ಟುವುದಿಲ್ಲ. ಅಷ್ಟರಲ್ಲಿ ಸುಮಾರು 38 ಲಕ್ಷ ದನಗಳು, ಒಂದು ಕೋಟಿಗೂ ಹೆಚ್ಚು ಹಂದಿಗಳು, ಸುಮಾರು 10 ಕೋಟಿ ಕೋಳಿಗಳು ಇವೆ. ಇಷ್ಟು ಪ್ರಾಣಿಗಳಿಗೆ ಬೇಕಾದ ಮೇವು ಇಲ್ಲಿನ ನೆಲದಲ್ಲಿ ಬೆಳೆಯುವುದು ಸಾಧ್ಯವೇ ಇಲ್ಲ. ಬ್ರೆಜಿಲ್ ಮುಂತಾದ ಕಡೆಗಳಿಂದ ಸೋಯಾ ರಾಟರ್‌ಡ್ಯಾಮ್ ಬಂದರಿಗೆ ಇಳಿಯುತ್ತದೆ, ಪಶು ಆಹಾರವಾಗುತ್ತದೆ. ಆ ಹಿಂಡಿಯ ಪ್ರೋಟೀನಿನಲ್ಲಿರುವ ಸಾರಜನಕದಲ್ಲಿ ಒಂದಷ್ಟು ಹಾಲು, ಮಾಂಸ, ಮೊಟ್ಟೆಯಾಗಿ ಮತ್ತೆ ರಫ್ತಾಗುತ್ತದೆ; ಹೆಚ್ಚಿನದು ಸಗಣಿ ಗಂಜಲವಾಗಿ ಇಲ್ಲೇ ಉಳಿಯುತ್ತದೆ. ಇದರ ಮೇಲೆ ಹೇಬರ್-ಬಾಷ್ ವಿಧಾನದಲ್ಲಿ ತಯಾರಾದ ರಾಸಾಯನಿಕ ಗೊಬ್ಬರ ಬೇರೆ. ತಮ್ಮ ಹಸು ತಿನ್ನುವ ಹುಲ್ಲು ತಮ್ಮ ಜಮೀನಿನದಾದರೆ ಸಾರಜನಕ ಅಲ್ಲೇ ಸುತ್ತುತ್ತದೆ. ಇಲ್ಲಿ ಅದು ಹಡಗಿನಲ್ಲಿ ಬರುತ್ತದೆ, ಮರಳಿ ಹೋಗುವುದಿಲ್ಲ. ಅಮೋನಿಯದ ಮೂಲ ಕೊಟ್ಟಿಗೆ ಎನ್ನುವಾಗ, ಕೊಟ್ಟಿಗೆಗೆ ಅದು ಬಂದ ದಾರಿಯನ್ನೂ ಹೇಳಬೇಕೆಂದು ನನ್ನ ಅಭಿಪ್ರಾಯ. ಸೋಯಾ ಮಾರಿದವರಾಗಲಿ, ಹೆಚ್ಚು ಹಸು ಕಟ್ಟಿ ಎಂದು ಸಾಲ ಕೊಟ್ಟವರಾಗಲಿ ಈ ಕೋಷ್ಟಕಗಳ ಯಾವ ಸಾಲಿನಲ್ಲೂ ಕಾಣಿಸುವುದಿಲ್ಲ.

ರೈತರು ಏನೂ ಮಾಡಿಲ್ಲ ಎನ್ನುವುದೂ ಅನ್ಯಾಯ. 1990ರ ದಶಕದ ಆರಂಭದಿಂದ ಸ್ಲರಿಯನ್ನು ನೆಲದ ಮೇಲೆ ಎರಚುವಂತಿಲ್ಲ, ಮಣ್ಣಿನೊಳಕ್ಕೆ ಇಳಿಸಬೇಕು. ಗುಂಡಿಗಳಿಗೆ ಮುಚ್ಚಳ ಬೇಕು. 1990ಕ್ಕೆ ಹೋಲಿಸಿದರೆ ದೇಶದ ಅಮೋನಿಯ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿದಿದೆ. ತೊಂದರೆ ಎಂದರೆ, ಆ ಇಳಿಕೆಯ ಬಹುಪಾಲು ಮೊದಲ ಎರಡು ದಶಕಗಳಲ್ಲಿಯೇ ಆಗಿ, ಆಮೇಲೆ ಗೆರೆ ಹೆಚ್ಚುಕಡಿಮೆ ಮಲಗಿಬಿಟ್ಟಿತು.

ಸಂದೇಹಿ:

ಇಬ್ಬರೂ ವಿದ್ವತ್ಪೂರ್ಣವಾಗಿ ಬರೆದಿದ್ದೀರಿ. ಆದರೆ ಶೇ. 46, ಶೇ. 32 ಎಂದು ಹೇಳುವ ಈ ಅಂಕಿಗಳನ್ನು ಯಾರಾದರೂ ಅಳೆದಿದ್ದಾರೆಯೇ? ನಾನು ಓದಿದ ಮಟ್ಟಿಗೆ ಎಲ್ಲವೂ ಕಂಪ್ಯೂಟರ್ ಮಾದರಿ. ಕಾಡಿನಲ್ಲಿ ಬಿದ್ದ ಸಾರಜನಕದ ಮೇಲೆ ‘ಇದು ಹಂದಿಯದು, ಇದು ಜರ್ಮನಿಯದು’ ಎಂಬ ಚೀಟಿ ಅಂಟಿಸಿರುವುದಿಲ್ಲವಷ್ಟೆ. ಹೊಸ ಬಗೆಯ ಕೊಟ್ಟಿಗೆ ನೆಲ ಹಾಕಿಸಿದರೆ ಇಷ್ಟು ಶೇಕಡ ಕಡಿಮೆಯಾಗುತ್ತದೆ ಎಂಬುದೂ ಕಾಗದದ ಮೇಲಿನ ಮಾತೇ.

ಗಾಳಿಲೆಕ್ಕ:

ತಮ್ಮ ಆಕ್ಷೇಪಣೆಯಲ್ಲಿ ಅರ್ಧ ನಿಜವಿದೆ, ಆ ಅರ್ಧವನ್ನು ನಾನು ಮೊದಲು ಒಪ್ಪಿಕೊಳ್ಳುತ್ತೇನೆ. ಚೀಟಿ ಇರುವುದಿಲ್ಲ. ಮೂಲಗಳ ಪಾಲನ್ನು ಹಂಚುವುದು ಲೆಕ್ಕದಿಂದಲೇ: ಪ್ರತಿ ಮೂಲ ಎಷ್ಟು ಹೊರಬಿಡುತ್ತದೆ, ಗಾಳಿ ಯಾವ ದಿಕ್ಕಿಗೆ ಎಷ್ಟು ವೇಗದಲ್ಲಿ ಬೀಸುತ್ತದೆ, ಮಳೆ ಎಷ್ಟು ತೊಳೆಯುತ್ತದೆ, ನೆಲದ ಮೇಲೆ ಹುಲ್ಲಿದೆಯೋ ಮರವಿದೆಯೋ ಎಂಬುದನ್ನೆಲ್ಲ ಸೇರಿಸಿ ಲೆಕ್ಕ ಹಾಕಲಾಗುತ್ತದೆ.

ಆದರೆ ಅಳತೆಯೇ ಇಲ್ಲ ಎನ್ನುವುದು ಸರಿಯಲ್ಲ. 2005ರಿಂದ ಇಲ್ಲಿನ ಸಂರಕ್ಷಿತ ಪ್ರದೇಶಗಳಲ್ಲಿ ಅಮೋನಿಯ ಅಳೆಯುವ ಒಂದು ಜಾಲವಿದೆ. ಉಪಕರಣ ಕಂಡರೆ ನಗು ಬರಬಹುದು: ಬೆರಳುದ್ದದ ಪ್ಲಾಸ್ಟಿಕ್ ನಳಿಕೆ, ಅದರ ಒಂದು ತುದಿಯ ಮುಚ್ಚಳದೊಳಗೆ ಆಮ್ಲ ಸವರಿದ ಸಣ್ಣ ಜಾಲರಿ. ಅದನ್ನು ಒಂದು ಕಂಬಕ್ಕೆ ತೂಗುಹಾಕುತ್ತಾರೆ. ವಿದ್ಯುತ್ ಬೇಡ, ಪಂಪ್ ಬೇಡ. ಗಾಳಿಯಲ್ಲಿರುವ ಅಮೋನಿಯ ತಾನಾಗಿ ಒಳಹೊಕ್ಕು ಆಮ್ಲಕ್ಕೆ ಅಂಟಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಅರಣ್ಯ ಸಿಬ್ಬಂದಿಯೋ ಸ್ವಯಂಸೇವಕರೋ ಹಳೆಯ ನಳಿಕೆ ಬಿಚ್ಚಿ ಹೊಸದನ್ನು ಹಾಕಿ, ಹಳೆಯದನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಈ ನಳಿಕೆಗಳ ಓದುವಿಕೆಯನ್ನು ಬೆರಳೆಣಿಕೆಯ ದೊಡ್ಡ ಕೇಂದ್ರಗಳ ದುಬಾರಿ ಉಪಕರಣಗಳೊಂದಿಗೆ ತಾಳೆ ನೋಡಿ ಸರಿಪಡಿಸುತ್ತಾರೆ. ಫೆಬ್ರವರಿ ಮಧ್ಯದಲ್ಲಿ ಹುಲ್ಲುಗಾವಲಿಗೆ ಸ್ಲರಿ ಹಾಕಲು ಅನುಮತಿ ಸಿಕ್ಕ ಮೇಲೆ ವಸಂತದಲ್ಲಿ ಅಮೋನಿಯದ ಮಟ್ಟ ಏರುವುದು ಈ ಅಳತೆಗಳಲ್ಲಿ ಸ್ಪಷ್ಟವಾಗಿ ಕಾಣಿಸುತ್ತದೆ. ಕಾರುಗಳಿಗೆ ಅಂಥ ಋತುಮಾನವಿಲ್ಲ.

ಅಳತೆಗೂ ಲೆಕ್ಕಕ್ಕೂ ಹೊಂದದ ಜಾಗಗಳೂ ಉಂಟು. ತೀರದ ಮರಳುದಿಬ್ಬಗಳಲ್ಲಿ ಮಾದರಿ ಹೇಳಿದ್ದಕ್ಕಿಂತ ಹೆಚ್ಚು ಅಮೋನಿಯ ಅಳತೆಯಲ್ಲಿ ಸಿಕ್ಕಿತು. ಸುತ್ತಲೂ ಕೊಟ್ಟಿಗೆಗಳಿಲ್ಲ. ಸಮುದ್ರದಿಂದಲೇ ಅಮೋನಿಯ ಏಳುತ್ತದೆ ಎಂಬ ವಿವರಣೆಯನ್ನು ಆಮೇಲೆ ಲೆಕ್ಕಕ್ಕೆ ಸೇರಿಸಲಾಯಿತು. ಆ ತಿದ್ದುಪಡಿಯನ್ನು ಅಳತೆಯೇ ಬಲವಂತ ಮಾಡಿ ಹೇರಿತು ಎಂಬುದನ್ನು ತಾವು ಗಮನಿಸಬೇಕು.

ಇದೆಲ್ಲವನ್ನು ಪರಿಶೀಲಿಸಲೆಂದು ಸರ್ಕಾರ ನೇಮಿಸಿದ ಹೋರ್ಡೈಕ್ ಸಮಿತಿ 2020ರಲ್ಲಿ ವರದಿ ಕೊಟ್ಟಿತು. ರಾಷ್ಟ್ರಮಟ್ಟದ ಚಿತ್ರಕ್ಕೆ ಮಾದರಿ ತಕ್ಕದ್ದಾಗಿದೆ, ಆದರೆ ಒಂದೊಂದು ಹೆಕ್ಟೇರಿನ ಮಟ್ಟದಲ್ಲಿ ಅನಿಶ್ಚಿತತೆ ದೊಡ್ಡದು, ಹೆಚ್ಚು ಅಳೆಯಬೇಕು ಎಂಬುದು ಅದರ ಸಾರ. ರಸ್ತೆ ಸಂಚಾರದ ಪರಿಣಾಮವನ್ನು 5 ಕಿಲೋಮೀಟರ್‌ವರೆಗೆ ಮಾತ್ರ ಲೆಕ್ಕ ಹಾಕಿ, ಕೊಟ್ಟಿಗೆಗಳಿಗೆ ಅಂಥ ಮಿತಿ ಇಡದಿದ್ದ ತಾರತಮ್ಯವನ್ನೂ ಅದು ಎತ್ತಿ ತೋರಿಸಿತು. ರೈತರ ಸಿಟ್ಟಿಗೆ ಇಲ್ಲಿ ನ್ಯಾಯವಾದ ಕಾರಣವಿತ್ತು. 2022ರ ಜನವರಿಯಿಂದ ಎಲ್ಲ ಮೂಲಗಳಿಗೂ 25 ಕಿಲೋಮೀಟರ್ ಎಂಬ ಒಂದೇ ಮಿತಿ ಬಂದಿದೆ. ಅದರಾಚೆ ಬೀಳುವುದು ಮಾಯವಾಗುವುದಿಲ್ಲ, ಯಾವ ಒಂದು ಪರವಾನಗಿಯ ಖಾತೆಗೂ ಸೇರದೆ ದೇಶದ ಒಟ್ಟು ಲೆಕ್ಕದಲ್ಲಿ ಉಳಿಯುತ್ತದೆ.

ವಾಹೆನಿಂಗನ್ ವಿದ್ಯಾರ್ಥಿನಿ:

ಕೊಟ್ಟಿಗೆ ನೆಲದ ಬಗ್ಗೆ ಸಂದೇಹಿಯವರು ಹೇಳಿದ್ದು ಪೂರ್ತಿ ಸರಿ, ಮತ್ತು ಅದು ಪತ್ತೆಯಾದ ಬಗೆ ಸ್ವಾರಸ್ಯಕರ. ರಂಜಕ ಗಾಳಿಗೆ ಹಾರುವುದಿಲ್ಲ, ಸಾರಜನಕ ಹಾರುತ್ತದೆ. ಹಸು ತಿಂದ ಮೇವಿನ ಲೆಕ್ಕದಿಂದ ಹೊಸ ಸಗಣಿಯಲ್ಲಿ ಎರಡರ ಅನುಪಾತ ಎಷ್ಟಿರಬೇಕು ಎಂದು ತಿಳಿಯಬಹುದು. ಗುಂಡಿಯಿಂದ ಹೊರಡುವ ಸ್ಲರಿಯಲ್ಲಿ ಆ ಅನುಪಾತ ಎಷ್ಟಿದೆ ಎಂದು ನೋಡಿದರೆ ನಡುವೆ ಎಷ್ಟು ಸಾರಜನಕ ಕಾಣೆಯಾಯಿತು ಎಂದು ಗೊತ್ತಾಗುತ್ತದೆ. ದೇಶದ ಸಾಂಖ್ಯಿಕ ಸಂಸ್ಥೆಯಾದ ಸಿಬಿಎಸ್ 2019ರಲ್ಲಿ ಈ ವಿಧಾನದಿಂದ ನೋಡಿದಾಗ, ಕಡಿಮೆ ಹೊರಸೂಸುವ ಕೊಟ್ಟಿಗೆಗಳೆಂದು ಪ್ರಮಾಣಪತ್ರ ಪಡೆದವು ಕಾಗದದಲ್ಲಿ ಹೇಳಿದಷ್ಟು ಉಳಿಸುತ್ತಿರಲಿಲ್ಲ. ಲಕ್ಷಗಟ್ಟಲೆ ಯೂರೋ ಸಾಲ ಮಾಡಿ ಆ ನೆಲ ಹಾಕಿಸಿದ ರೈತರ ಸ್ಥಿತಿಯನ್ನು ಯೋಚಿಸಿ. ಆದರೆ ಸಂದೇಹಿಯವರ ವಾದಕ್ಕೆ ಇದು ವಿರುದ್ಧ ದಿಕ್ಕಿನಲ್ಲಿ ಹೋಗುತ್ತದೆ: ಕಾಗದದ ಲೆಕ್ಕ ಕೊಟ್ಟಿಗೆಯ ಪಾಲನ್ನು ಕಡಿಮೆ ತೋರಿಸಿತ್ತು.

ಮೈಸೂರಿನ ಮೇಷ್ಟ್ರು:

ನಿವೃತ್ತ ಅಧ್ಯಾಪಕನ ಒಂದು ಮೂಲಭೂತ ಪ್ರಶ್ನೆ. ಸಾರಜನಕ ಗಿಡಗಳಿಗೆ ಆಹಾರವಲ್ಲವೇ? ಹೆಚ್ಚು ಬಿದ್ದರೆ ಹೆಚ್ಚು ಹಸಿರಾಗಬೇಕಲ್ಲ? ಅದಕ್ಕೆ ನ್ಯಾಯಾಲಯ ಏಕೆ?

ವಾಹೆನಿಂಗನ್ ವಿದ್ಯಾರ್ಥಿನಿ:

ಮೇಷ್ಟ್ರೇ, ಹಸಿರಾಗುತ್ತದೆ, ತೊಂದರೆ ಅದೇ. ಪೀಲ್‌ನಂಥ ಜೌಗುನೆಲ, ಹೆದರ್ ಪೊದೆಗಳ ಬಯಲು, ಮರಳುದಿಬ್ಬ, ಇವೆಲ್ಲ ಬಡ ಮಣ್ಣಿನ ಆವಾಸಗಳು. ಅಲ್ಲಿನ ಸಸ್ಯಗಳು ಕೊರತೆಯಲ್ಲಿ ಬಾಳುವುದನ್ನು ಕಲಿತಂಥವು. ಪ್ರತಿಯೊಂದು ಆವಾಸಕ್ಕೂ ವರ್ಷಕ್ಕೆ ಇಷ್ಟು ಸಾರಜನಕ ತಾಳಿಕೊಳ್ಳಬಲ್ಲದು ಎಂಬ ಸಹನಾ ಮಿತಿಯನ್ನು ಗೊತ್ತುಮಾಡಿದ್ದಾರೆ. ಮಳೆನೀರನ್ನೇ ನಂಬಿದ ಎತ್ತರದ ಜೌಗಿಗೆ ಅದು ಹೆಕ್ಟೇರಿಗೆ ಸುಮಾರು 7 ಕಿಲೋ, ಒಣ ಹೆದರ್ ಬಯಲಿಗೆ ಅದಕ್ಕಿಂತ ಹೆಚ್ಚು. ಇಡೀ ದೇಶದ ಸರಾಸರಿ 20 ಕಿಲೋ ಆಚೀಚೆ ಇದೆ. ಅಷ್ಟು ಬಿದ್ದಾಗ ಮೊಲೀನಿಯಾ ಎಂಬ ಒರಟು ಹುಲ್ಲು ಹೆದರ್ ಪೊದೆಯನ್ನು ನುಂಗಿಹಾಕುತ್ತದೆ, ಕಾಡಿನ ನೆಲದಲ್ಲಿ ತುರಚೆ ಮತ್ತು ಮುಳ್ಳುಪೊದೆ ತುಂಬುತ್ತವೆ. ನೋಡುವವರ ಕಣ್ಣಿಗೆ ಎಲ್ಲವೂ ಸೊಂಪು. ಸಂರಕ್ಷಿಸಬೇಕಾದವುಗಳ ಪಟ್ಟಿಯಲ್ಲಿದ್ದ ಅಪರೂಪದ ಜೀವಿಗಳು ಕಾಣೆ.

ಇನ್ನೊಂದು ಪರಿಣಾಮ ಆಮ್ಲೀಕರಣ. ಮಣ್ಣಿನ ಕ್ಯಾಲ್ಸಿಯಂ ತೊಳೆದುಹೋಗುತ್ತದೆ. ದೇಶದ ನಡುಭಾಗದ ಫೆಲುವೆ ಕಾಡುಗಳಲ್ಲಿ ಗ್ರೇಟ್ ಟಿಟ್ ಎಂಬ ಸಣ್ಣ ಹಕ್ಕಿಗಳು ತೆಳು ಚಿಪ್ಪಿನ, ಕೆಲವೊಮ್ಮೆ ಚಿಪ್ಪೇ ಇಲ್ಲದ ಮೊಟ್ಟೆ ಇಡುತ್ತಿದ್ದುದನ್ನು ಸಂಶೋಧಕರು 1990ರ ದಶಕದಲ್ಲಿ ದಾಖಲಿಸಿದರು. ಮೊಟ್ಟೆಯ ಚಿಪ್ಪಿಗೆ ಬೇಕಾದ ಸುಣ್ಣವನ್ನು ಆ ಹಕ್ಕಿಗಳು ಬಸವನಹುಳುಗಳಿಂದ ಪಡೆಯುತ್ತವೆ. ಆಮ್ಲೀಯ ಮಣ್ಣಿನಲ್ಲಿ ಬಸವನಹುಳುಗಳೇ ಉಳಿದಿರಲಿಲ್ಲ. ಆ ಕಾಲದ ಆಮ್ಲದಲ್ಲಿ ಗಂಧಕದ ಪಾಲೂ ದೊಡ್ಡದಿತ್ತು, ಎಲ್ಲವನ್ನೂ ಸಾರಜನಕದ ತಲೆಗೆ ಕಟ್ಟಬಾರದು. ಗಂಧಕ ಈಗ ಬಹುಮಟ್ಟಿಗೆ ತಗ್ಗಿದೆ, ಸಾರಜನಕ ಅಷ್ಟಾಗಿ ತಗ್ಗಿಲ್ಲ.

ನಿರ್ವಾಹಕ:

ಸದಸ್ಯರ ಗಮನಕ್ಕೆ: ರೈತ ಪಕ್ಷ ಗೆದ್ದದ್ದು ಸರಿಯೇ ತಪ್ಪೇ ಎಂಬ ಎರಡು ಪ್ರತಿಕ್ರಿಯೆಗಳನ್ನು ಬೇರೆ ಎಳೆಗೆ ಸರಿಸಲಾಗಿದೆ. ಇಲ್ಲಿ ಮೂಲಗಳ ಕುರಿತ ಮಾತು ಮಾತ್ರ ಇರಲಿ.

ಬ್ರಬಾಂಟ್‌ವಾಸಿ:

ಎಲ್ಲರಿಗೂ ಕೃತಜ್ಞತೆಗಳು. ಇನ್ನೆರಡು ಸಂಶಯಗಳು. ರಸ್ತೆಯ ಪಾಲು ಶೇ. 6 ಮಾತ್ರ ಎಂದಾದರೆ ನನ್ನ ಕಾರಿನ ವೇಗವನ್ನು 100ಕ್ಕೆ ಇಳಿಸಿದ್ದು ಏಕೆ? ಮತ್ತು, ಅಮೋನಿಯ ಮೂಲದ ಹತ್ತಿರವೇ ಬೀಳುತ್ತದೆ ಎಂದು ಕೆಲವರು, ಬಹುಪಾಲು ದೂರ ಹೋಗುತ್ತದೆ ಎಂದು ಕೆಲವರು ಬರೆಯುತ್ತಾರೆ. ಯಾವುದನ್ನು ನಂಬಲಿ?

ಗಾಳಿಲೆಕ್ಕ:

ಮೊದಲನೆಯದಕ್ಕೆ ಚಿಕ್ಕ ಉತ್ತರ: ಬೇಗ ಮಾಡಬಹುದಾದದ್ದು ಅದೊಂದೇ ಆಗಿತ್ತು. ಫಲಕ ಬದಲಿಸಿದರೆ ಸಾಕು, ಕೊಟ್ಟಿಗೆ ಒಡೆಯಬೇಕಿಲ್ಲ. ಅದರಿಂದ ಉಳಿದ ಅಲ್ಪ ಪ್ರಮಾಣವನ್ನು ಸುಮಾರು 75,000 ಮನೆಗಳ ಪರವಾನಗಿಗೆ ಬಳಸುವುದಾಗಿ ಅಂದಿನ ಸರ್ಕಾರ ಹೇಳಿತು. ಅಂದರೆ ಪ್ರಕೃತಿಗೆ ಉಳಿಸಿದ್ದನ್ನು ಕೂಡಲೇ ಬೇರೆಡೆ ಖರ್ಚಿಗೆ ಹಾಕಲಾಯಿತು. ಕಾರುಗಳು ಬರೇ ನೈಟ್ರೋಜನ್ ಆಕ್ಸೈಡ್ ಬಿಡುತ್ತವೆ ಎಂಬುದೂ ಪೂರ್ಣ ಸತ್ಯವಲ್ಲ. ಪೆಟ್ರೋಲ್ ಕಾರಿನ ಕ್ಯಾಟಲಿಟಿಕ್ ಕನ್ವರ್ಟರ್‌ನಿಂದ ಸ್ವಲ್ಪ ಅಮೋನಿಯವೂ ಬರುತ್ತದೆ, ಹೆದ್ದಾರಿ ಬದಿಯ ಆವಾಸಗಳಲ್ಲಿ ಅದನ್ನು ಕಡೆಗಣಿಸುವಂತಿಲ್ಲ.

ಎರಡನೆಯದರಲ್ಲಿ ಇಬ್ಬರನ್ನೂ ನಂಬಿ. ಒಲೆಯ ಹೊಗೆ ನೋಡಿ: ಹೆಚ್ಚು ಕಣ್ಣುರಿ ಪಕ್ಕದಲ್ಲಿ ಕೂತವರಿಗೆ, ಆದರೆ ಹೊಗೆಯ ಬಹುಪಾಲು ಹೋಗುವುದು ಹಂಚಿನ ಸಂದಿನಿಂದ ಆಚೆಗೆ. ಕೊಟ್ಟಿಗೆ ನೆಲಮಟ್ಟದಲ್ಲಿ ಅಮೋನಿಯ ಬಿಡುವುದರಿಂದ ಮೊದಲ ಕೆಲವು ನೂರು ಮೀಟರ್‌ಗಳಲ್ಲಿ ಪ್ರತಿ ಹೆಕ್ಟೇರಿಗೆ ಬೀಳುವ ಪ್ರಮಾಣ ಅತ್ಯಧಿಕ. ಆ ಅಂತರದಲ್ಲಿ ಸಂರಕ್ಷಿತ ಕಾಡಿನ ಅಂಚಿದ್ದರೆ, ಒರಟು ಮರಗಳ ಸಾಲು ಗಾಳಿಯನ್ನು ಬಾಚಿ ಇನ್ನಷ್ಟು ಹಿಡಿದುಕೊಳ್ಳುತ್ತದೆ. ಅಂಥ ಅಂಚಿನ ಮರಗಳ ತೊಗಟೆಯ ಮೇಲೆ ಅಮೋನಿಯ ಬಯಸುವ ಹಳದಿ ಕಲ್ಲುಹೂವುಗಳು ಮೆತ್ತಿಕೊಂಡಿರುತ್ತವೆ. ಆಮ್ಲೀಯ ತೊಗಟೆ ಬಯಸುವ ಬೂದುಬಣ್ಣದವು ಮಾಯವಾಗಿರುತ್ತವೆ. ಆದರೆ ಹತ್ತಿರದ ಹೆಕ್ಟೇರುಗಳು ಕೆಲವೇ, ದೂರದವು ಅಸಂಖ್ಯ. ಒಟ್ಟು ಕೂಡಿದರೆ ಹೆಚ್ಚಿನ ಪಾಲು ದೂರವೇ ಹೋಗಿ, ನೈಟ್ರೋಜನ್ ಆಕ್ಸೈಡ್‌ಗಳಿಂದಾದ ಆಮ್ಲದೊಂದಿಗೆ ಸೇರಿ ಅಮೋನಿಯಂ ನೈಟ್ರೇಟ್ ಎಂಬ ಸೂಕ್ಷ್ಮ ಕಣವಾಗಿ, ನೂರಾರು ಕಿಲೋಮೀಟರ್ ಆಚೆ ಮಳೆಯೊಡನೆ ಇಳಿಯುತ್ತದೆ. ಅದಕ್ಕೇ ಅಂಚಿನ ಕೊಟ್ಟಿಗೆಗಳನ್ನು ಸರ್ಕಾರ ಕೊಂಡು ಮುಚ್ಚಿದರೆ ಆ ಅಂಚಿಗೆ ದೊಡ್ಡ ಉಪಕಾರ, ಕಾಡಿನ ನಡುಭಾಗಕ್ಕೆ ಅಲ್ಪ. ನಡುಭಾಗಕ್ಕೆ ಬೇಕಾದದ್ದು ಇಡೀ ದೇಶದ, ನೆರೆದೇಶಗಳ ಇಳಿಕೆ. ‘ಹತ್ತಿರದ ದೊಡ್ಡ ಮೂಲ ಮುಚ್ಚಿ’ ಎನ್ನುವವರು, ‘ಎಲ್ಲರೂ ಸಮನಾಗಿ ತಗ್ಗಿಸಿ’ ಎನ್ನುವವರು ಒಬ್ಬರನ್ನೊಬ್ಬರು ಮೂರ್ಖರೆನ್ನುವ ಅಗತ್ಯವಿಲ್ಲ.

ಪರವಾನಗಿಯ ಮಟ್ಟದಲ್ಲಿ ಈ ತರ್ಕ ವಿಚಿತ್ರ ತುದಿಗೂ ಹೋಗಿದೆ. ಹೆಕ್ಟೇರಿಗೆ ವರ್ಷಕ್ಕೆ 0.005 ಮೋಲ್, ಅಂದರೆ 0.07 ಗ್ರಾಂ, ಹೆಚ್ಚಾದರೂ ಲೆಕ್ಕಕ್ಕೆ ಬರುತ್ತಿತ್ತು. ಅದನ್ನು 1 ಮೋಲ್‌ಗೆ ಏರಿಸುವ ಪ್ರಸ್ತಾವ 2025ರಲ್ಲಿ ಬಂತು. ಅಷ್ಟು ಸಣ್ಣದನ್ನು ಮಾದರಿ ನಂಬಿಕೆಯಿಂದ ಹೇಳಲಾರದು ಎಂಬುದು ವಿಜ್ಞಾನದ ದೃಷ್ಟಿಯಿಂದ ನಿಜ. ಆದರೆ ಮಿತಿ ಏರಿಸಿದರೆ ಬೀಳುವುದೇನೂ ಕಡಿಮೆಯಾಗುವುದಿಲ್ಲ. 2025ರ ಜನವರಿ 22ರಂದು ಹೇಗ್‌ನ ನ್ಯಾಯಾಲಯ, 2030ರ ಕೊನೆಗೆ ಸಾರಜನಕಕ್ಕೆ ಸೂಕ್ಷ್ಮವಾದ ನೆಲದ ಅರ್ಧ ಭಾಗವನ್ನಾದರೂ ಸಹನಾ ಮಿತಿಯ ಕೆಳಗೆ ತರಬೇಕೆಂದು ಸರ್ಕಾರಕ್ಕೆ ಆದೇಶಿಸಿತು. ತಪ್ಪಿದರೆ 1 ಕೋಟಿ ಯೂರೋ ದಂಡ.

ಹಾಸನದ ಹೈನುಗಾರ:

ನಮ್ಮ ದೇಶದ ಮೇಲೂ ಇಂಥ ಲೆಕ್ಕ ಯಾರಾದರೂ ಹಾಕಿದ್ದಾರೆಯೇ?

ವಾಹೆನಿಂಗನ್ ವಿದ್ಯಾರ್ಥಿನಿ:

ಉಪಗ್ರಹದಿಂದ ಅಮೋನಿಯ ನೋಡುವ ಐಎಎಸ್‌ಐ ಎಂಬ ಉಪಕರಣದ ಜಾಗತಿಕ ನಕ್ಷೆ 2009ರಲ್ಲಿ ಪ್ರಕಟವಾದಾಗಿನಿಂದ ಗಂಗಾ-ಸಿಂಧೂ ಬಯಲು ಅದರಲ್ಲಿ ಎದ್ದು ಕಾಣುವ ತಾಣ. ಅಲ್ಲಿ ಯೂರಿಯಾ ಗೊಬ್ಬರದ ಪಾಲು ದೊಡ್ಡದು, ಜೊತೆಗೆ ದನಕರು. ನೆದರ್‌ಲ್ಯಾಂಡ್ಸ್‌ನ ಶೇಕಡಾವಾರುಗಳನ್ನು ಎತ್ತಿ ಬಂಡೀಪುರಕ್ಕೋ ಕುದುರೆಮುಖಕ್ಕೋ ಅಂಟಿಸಬಾರದು. ಮಳೆ, ಮಣ್ಣು, ಮೂಲ ಮೂರೂ ಬೇರೆ. ಇದಕ್ಕೆ ಪ್ರತ್ಯೇಕ ಎಳೆ ತೆರೆದರೆ ನಾನು ಬರೆಯುತ್ತೇನೆ.

ಬ್ರಬಾಂಟ್‌ವಾಸಿ:

ಕೊನೆಯದಾಗಿ, ಪೀಲ್‌ನ ಲೆಕ್ಕವನ್ನು ನಾನೇ ನೋಡಲು ದಾರಿಯಿದೆಯೇ?

ಗಾಳಿಲೆಕ್ಕ:

ಇದೆ. ಏರಿಯಸ್ ಮಾನಿಟರ್ ಎಂಬ ಸರ್ಕಾರಿ ನಕ್ಷೆ ಎಲ್ಲರಿಗೂ ತೆರೆದಿದೆ. ಪ್ರದೇಶವನ್ನು ಆರಿಸಿಕೊಂಡರೆ ಅದು ಒಂದೊಂದು ಹೆಕ್ಟೇರಿನ ಷಟ್ಕೋನಗಳಾಗಿ ಕಾಣುತ್ತದೆ. ಎಷ್ಟು ಬೀಳುತ್ತದೆ, ಯಾವ ವಲಯದಿಂದ ಎಷ್ಟು, ಅಲ್ಲಿನ ಆವಾಸದ ಸಹನಾ ಮಿತಿ ಎಷ್ಟು ಎಂಬುದನ್ನು ನೋಡಬಹುದು. ಯಾವ ವರ್ಷದ ಅಂಕಿ ಎಂಬುದನ್ನು ಮೊದಲು ಗಮನಿಸಿ, ಏಕೆಂದರೆ ಮುಂದಿನ ವರ್ಷಗಳ ಅಂದಾಜೂ ಅದರಲ್ಲಿ ಇರುತ್ತದೆ, ಹಲವರು ಅದನ್ನೇ ಇಂದಿನ ಸ್ಥಿತಿ ಎಂದು ಉದ್ಧರಿಸುತ್ತಾರೆ. ಆಮೇಲೆ ಡ್ಯೂರ್ನ್‌ಸೆ ಪೀಲ್‌ನ ನೈರುತ್ಯ ಅಂಚಿನದೊಂದು, ನಡುಭಾಗದ್ದೊಂದು ಷಟ್ಕೋನವನ್ನು ಬೇರೆ ಬೇರೆಯಾಗಿ ನೋಡಿ, ಇಲ್ಲಿ ಹೆಚ್ಚಾಗಿ ಬೀಸುವುದು ನೈರುತ್ಯದ ಗಾಳಿ. ನಿಮ್ಮ ನೆರೆಯವರನ್ನೂ ಸಹೋದ್ಯೋಗಿಯನ್ನೂ ಒಂದೇ ಪರದೆಯ ಮುಂದೆ ಕೂರಿಸಲಾದರೆ ಇನ್ನೂ ಒಳ್ಳೆಯದು.